ನಡುಮನೆಯ ಕಾಡುಹಂದಿ

ಒಂದು ಕಾಡುಹಂದಿ ನನ್ನನ್ನು ಸಂಜೆಗೆ ನಾಲ್ಕಾರು ಸಲ ಕೊಲ್ಲುತ್ತಿದ್ದ ಕಾಲದಲ್ಲೂ ನಮ್ಮ ಮನೆಯಲ್ಲಿ ನನಗೆ ಎರಡನೇ ಲೋಟ ಕಾಫಿ ಸಿಗುತ್ತಿರಲಿಲ್ಲ. ಸಾಯುವವನ ಬಾಯಿಗೆ ನೀರು ಬಿಡುವ ಪದ್ಧತಿಯಾದರೂ ಲೋಕದಲ್ಲಿ ಉಂಟು. ನನಗೆ ಅದೂ ಇಲ್ಲ. ಸತ್ತು, ಕನ್ನಡಕ ಒರೆಸಿಕೊಂಡು, ಅಡುಗೆಮನೆಯ ಕಡೆ ಮುಖ ಮಾಡಿ ಡಿಕಾಕ್ಷನ್ ಏನಾದರೂ ಉಳಿದಿದೆಯೇ ಎಂದು ಕೇಳಿದರೆ, ನನ್ನ ಹೆಂಡತಿ ಆಂಡಾಳ್ "ಬದುಕಿ ಬಂದ ದಿನ ಕೇಳಿ, ಕೊಡ್ತೀನಿ" ಎನ್ನುತ್ತಿದ್ದಳು.

ಹೀಗೆ ದಿನಾ ಸಾಯುವ ಗತಿ ನನಗೆ ಯಾಕೆ ಬಂತು ಎಂದರೆ, ಅದಕ್ಕೆ ಮೂಲಪುರುಷ ನನ್ನ ಷಡ್ಡಕ ಆತ್ರೇಯ. ಆಂಡಾಳ್‌ನ ಅಕ್ಕನ ಗಂಡ. ಶೇಷಾದ್ರಿಪುರದ ಅವರ ಮನೆಯ ಬಚ್ಚಲಿಗೆ ಒಂದು ಹಾವು ಬಂದಿತ್ತು. ಈ ಪುಣ್ಯಾತ್ಮ ಅದರ ಮೇಲೆ ಬಕೆಟ್ಟು ಬೋರಲು ಹಾಕಿ, ಮೇಲೆ ಕೂತು, ಹಾವಾಡಿಗ ಬರುವ ತನಕ ಪೇಪರ್ ಓದಿದನಂತೆ. ಅದೇ ತಿಂಗಳು ನಮ್ಮ ಮಲ್ಲೇಶ್ವರದ ಮನೆಗೆ ಒಂದು ಹೆಗ್ಗಣ ಬಂತು. ಆಗ ನಾನು ಊಟದ ಮೇಜಿನ ಮೇಲೆ ಇದ್ದೆ. (ಊಟಕ್ಕಲ್ಲ. ನಿಂತಿದ್ದೆ.) ಅಂದಿನಿಂದ ಅಕ್ಕತಂಗಿಯರು ಫೋನಿನಲ್ಲಿ ಏನೇ ಮಾತಾಡಲಿ, ಚಿನ್ನದ ರೇಟು, ಮಾವಿನಕಾಯಿ, ಮೊಣಕಾಲು ನೋವು, ಕೊನೆಗೆ ಆ ಬಕೆಟ್ಟಿಗೂ ಈ ಮೇಜಿಗೂ ಬಂದು ನಿಲ್ಲುತ್ತಿತ್ತು. ನಾನು ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಹೊತ್ತವನು, ಹೆಚ್ಚಿನ ಆಸೆಗಳಿಲ್ಲ. ಆದರೆ ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಆಂಡಾಳ್ ಆ ಫೋನಿನಲ್ಲಿ ಅಕ್ಕನಿಗೆ "ನಮ್ಮನೇವರೂ ಧೈರ್ಯಸ್ಥರೇ ಕಣೆ" ಎಂದು ಹೇಳುವುದನ್ನು ಕಿವಿಯಾರೆ ಕೇಳಬೇಕು ಎನ್ನುವ ಹಂಬಲ ನನ್ನನ್ನು ಹಿಡಿದುಬಿಟ್ಟಿತು.

ಅಷ್ಟರಲ್ಲಿ ಮಗಳು ತನ್ಮಯಿಯ ಪಿಯುಸಿ ಓದಿಗೆಂದು ಮನೆಗೆ ಕಂಪ್ಯೂಟರ್ ಬಂತು. ಮೂರು ಕಡ್ಡಿಯ ಪ್ಲಗ್ಗು ನಡುಮನೆಯಲ್ಲಿ ಮಾತ್ರ ಇದ್ದುದರಿಂದ ಅದು ಅಲ್ಲೇ ಪ್ರತಿಷ್ಠಾಪನೆಯಾಯಿತು: ಒಂದು ಪಕ್ಕ ದೇವರಕೋಣೆಯ ಪರದೆ, ಇನ್ನೊಂದು ಪಕ್ಕ ಟೆಲಿಫೋನು, ಹಿಂದೆ ಅತ್ತೆಯವರು ಜಪಕ್ಕೆ ಕೂರುವ ಕುರ್ಚಿ. ಪಕ್ಕದ ಮನೆಯ ವೃಷಭೇಂದ್ರಪ್ಪನವರು (ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿ, ಸಂಜೆ ಮನೆಯಲ್ಲಿ ಬೇಟೆ) ಒಂದು ಸಿ.ಡಿ. ತಂದುಕೊಟ್ಟರು. "ಕಾಡುಪ್ರಾಣಿ ಹೊಡೆಯೋ ಆಟ ಸ್ವಾಮಿ. ನಿನ್ನೆ ಸಂಜೆ ಹಂದಿ ಹೊಡೆದೆ. ಸೀರೆ ಮಡಿಚಿಟ್ಟಷ್ಟು ಸುಲಭ" ಎಂದರು. ನನ್ನ ಎದೆಯಲ್ಲಿ ದೀಪ ಹತ್ತಿತು. ಬಕೆಟ್ಟಿನ ಕೆಳಗೆ ಹಾವು ಎಲ್ಲಿ, ಬಂದೂಕಿನ ಎದುರು ಕಾಡುಹಂದಿ ಎಲ್ಲಿ.

ತನ್ಮಯಿ ಆಟ ತುಂಬಿಸುವಾಗ, ಪ್ರಾಣಿಗಳು ಸುಮ್ಮನೆ ಇರಲಾ, ನಿಜವಾದ ಥರ ಇರಲಾ ಎಂದು ಕೇಳಿದಳು. ಎಲ್ಲವೂ ಅಸಲಿ ಇರಲಿ ಎಂದೆ. ಆಟ ನನ್ನ ಹೆಸರು ಕೇಳಿತು. ಹೆಸರು ಕೇಳಿದ ಕಡೆ ಇಲ್ಲದ ಹೆಸರು ಬರೆಯುವ ಅಭ್ಯಾಸ ಸರ್ಕಾರಿ ನೌಕರನಿಗೆ ಇಲ್ಲ. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, ಟಿ. ಎಸ್. ವೆಂಕಟಾಚಲ ಎಂದು ಪೂರ್ತಿ ಒತ್ತಿದೆ. ಇದರ ಫಲ ಮುಂದೆ ಉಂಡೆ.

ಆಟದ ವಿಷಯ ಇಷ್ಟೇ: ಕೈಯಲ್ಲಿ ಬಂದೂಕು, ಎದುರಿಗೆ ಕಾಡು. ಪರದೆಯ ಮೇಲೆ ನಾವು ಕಾಣುವುದಿಲ್ಲ, ನಮ್ಮ ಕಣ್ಣಿಗೆ ಏನು ಬೀಳಬೇಕೋ ಅದು ಮಾತ್ರ ಕಾಣುತ್ತದೆ. ನಾವು ತಿರುಗಿದರೆ ಕಾಡೂ ತಿರುಗುತ್ತದೆ. ಒಣಗಿದ ಎಲೆಯ ಮೇಲೆ ಕಾಲಿಟ್ಟರೆ ಸದ್ದು. ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸಿದರೆ ಪ್ರಾಣಿಗೆ ನಮ್ಮ ವಾಸನೆ ಹೊಡೆಯುತ್ತದೆ. ಈ ಸಂಗತಿ ಹೇಳಿದ್ದೇ ತಪ್ಪಾಯಿತು. ಆಫೀಸಿನಿಂದ ಬಂದ ತಕ್ಷಣ ಕೈಕಾಲು ತೊಳೆಯಿರಿ ಎಂದು ಇಷ್ಟು ವರ್ಷ ಬಡಿದುಕೊಂಡದ್ದು ಇದಕ್ಕೇ ಎಂದು ಆಂಡಾಳ್ ಎಲ್ಲರೆದುರು ಹೇಳಿದಳು. ಹಾಗಾಗಿ ನಾನು ಸೋಪು ಹಚ್ಚಿ ಸ್ನಾನ ಮಾಡಿ, ಮಡಿಪಂಚೆ ಉಟ್ಟು ಬೇಟೆಗೆ ಕೂರತೊಡಗಿದೆ. ಆದರೂ ಹಂದಿ ಬಂತು. ಪೊದೆಯೊಳಗೆ ಎಲ್ಲೋ 'ಗೊರ್' ಎನ್ನುವುದು, ನಾನು ಆ ಕಡೆ ನೋಡುವುದು, ಅದು ಈ ಕಡೆಯಿಂದ ನುಗ್ಗುವುದು. ನಾನು ತಿರುಗಿ ಓಡುತ್ತಿದ್ದೆ. ಆಟದ ಕಾಡಿನಲ್ಲಿ ಕಾಲಿಗೆ ವೇಗವಿಲ್ಲ. ಮರಗಳು ಅಲ್ಲಾಡುತ್ತ ಎದುರಾಗುತ್ತಿದ್ದವು, ಬೆನ್ನ ಹಿಂದೆ ಗೊರಸಿನ ಸದ್ದು ಹತ್ತಿರ ಹತ್ತಿರ ಬರುತ್ತಿತ್ತು, ಆಮೇಲೆ ಆಕಾಶ ಕಾಣುತ್ತಿತ್ತು. ಆಕಾಶ ಕಂಡಿತೆಂದರೆ ನಾನು ಅಂಗಾತ ಬಿದ್ದಿದ್ದೇನೆ ಎಂದು ಅರ್ಥ.

ಹಂದಿಯ ಜೊತೆ ನನ್ನ ಜಗಳ ಇಷ್ಟಕ್ಕೇ ನಿಂತಿದ್ದರೆ ಎಂದಾದರೊಂದು ದಿನ ಗೆಲ್ಲುತ್ತಿದ್ದೆನೇನೋ. ಆದರೆ ನಮ್ಮ ಮನೆಯಲ್ಲಿ ಹಂದಿಗಿಂತ ಹಿರಿಯರು ಇದ್ದರು. ಅತ್ತೆ ಚೂಡಾಮಣಿಯಮ್ಮನವರು. ನನ್ನ ಕುರ್ಚಿಯ ಹಿಂದೆ ಜಪಮಣಿ ತಿರುಗಿಸುತ್ತ, ಪರದೆಯ ಮೇಲೆ ಒಂದು ಕಣ್ಣಿಟ್ಟೇ ಅಷ್ಟಾಕ್ಷರಿ ಜಪ ಮಾಡುವವರು. ಮೊದಲ ದಿನ 'ಗೊರ್' ಸದ್ದು ಕೇಳಿದ್ದೇ ಅವರು ಕೈಮುಗಿದರು. ಅವರ ಮನೆದೇವರು ಭೂವರಾಹಸ್ವಾಮಿ. ಅಳಿಯನಾದವನು ಮನೆದೇವರಿಗೆ ಗುಂಡು ಹೊಡೆಯಕೂಡದು ಎಂದು ತೀರ್ಪು ಬಂತು. ಕರಡಿಯೋ ಎಂದೆ. ಜಾಂಬವಂತ, ರಾಮಸೇವಕ, ಅವನನ್ನೂ ಕೂಡದು. ಹಾವು ಆದಿಶೇಷನ ಕಡೆಯವರು. ಜಿಂಕೆಗೆ ಮಾತ್ರ ಅನುಮತಿ ಸಿಕ್ಕಿತು, ಏಕೆಂದರೆ ಅದಕ್ಕೆ ಸಾಕ್ಷಾತ್ ಶ್ರೀರಾಮನ ಪೂರ್ವನಿದರ್ಶನವಿದೆ. ಅದರಲ್ಲೂ ಒಂದು ಷರತ್ತು.

"ರಾಮ ಹೋಗಿದ್ದು ಸೀತೆ ಕೇಳಿದ್ಳು ಅಂತ ಅಳಿಯಂದ್ರೆ. ಆಂಡಾಳ್ ಕೇಳಿದಾಳಾ?"

ಹೀಗಾಗಿ ದಿನಾ ಸಂಜೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ಜಿಂಕೆ ಬೇಕು ಎಂದು ದಯವಿಟ್ಟು ಹೇಳು ಎಂದು ಹೆಂಡತಿಯನ್ನು ಬೇಡಬೇಕಾಯಿತು. ಅವಳು ಒಗ್ಗರಣೆಯಿಂದ ತಲೆ ಎತ್ತದೆ, "ಬೇಕು. ಹಾಗೇ ಮೊದ್ಲು ಮೂಲೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಂದ್ಬಿಡಿ" ಎನ್ನುತ್ತಿದ್ದಳು.

ಕೊಲ್ಲುವಂತಿಲ್ಲ, ಸರಿ. ಸಾಯೋಣ ಎಂದರೆ ಅದಕ್ಕೂ ಅಡ್ಡಿ ಬಂತು. ನಾನು ಸತ್ತಾಗಲೆಲ್ಲ ಆಟವು ಪರದೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಪ್ರಕಟಣೆ ಹೊರಡಿಸುತ್ತಿತ್ತು: ಟಿ. ಎಸ್. ವೆಂಕಟಾಚಲ ಕಾಡುಹಂದಿಯಿಂದ ಹತರಾದರು. ಅತ್ತೆಯವರು ಮಿಡ್ಲ್ ಸ್ಕೂಲಿನ ಇಂಗ್ಲಿಷನ್ನು ಈ ಇಳಿವಯಸ್ಸಿನಲ್ಲೂ ಕೈಬಿಟ್ಟವರಲ್ಲ. ಒಂದು ಶುಕ್ರವಾರ, ದೀಪ ಹಚ್ಚಿ, ಎದುರು ಸಾಲಿನ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದು ಕೂತಿದ್ದಾಗ, ಅವರು ಅಕ್ಷರ ಕೂಡಿಸಿ ಓದಿ, ಒಳಗೆ ಕೂಗಿ ಹೇಳಿದರು: "ಆಂಡಾಳ್, ನಿಮ್ಮನೇವರು ಹೋಗ್ಬಿಟ್ರಂತೆ ಕಣೆ. ಇದ್ರಲ್ಲಿ ಬರ್ದಿದೆ."

ಕುಂಕುಮದ ಬಟ್ಟಲು ಹಿಡಿದು ಬಂದ ಆಂಡಾಳ್ ಅಂದು ನನ್ನನ್ನು ನೋಡಿದ ನೋಟಕ್ಕೆ ಹೋಲಿಸಿದರೆ ಹಂದಿ ಸಾಧು. ಮುತ್ತೈದೆಯ ಮನೆಯಲ್ಲಿ ಗಂಡನ ಮರಣವಾರ್ತೆ ದಿನಾ ಬರೆಸಿಕೊಳ್ಳುವುದು ಯಾವ ಸೀಮೆಯ ಆಟ ಎಂದು ಕೇಳಿದಳು. ಅತ್ತೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನು ಮೇಲೆ ಸತ್ತ ದಿನ ಸ್ನಾನ ಮಾಡದೆ ಒಳಗೆ ಬರಬೇಡಿ ಎಂದರು. ಯಾರು ಸತ್ತ ಸೂತಕ ಎಂದು ನಾನು ಕೇಳಿದೆ. ನಿಮ್ಮದೇ ಎಂದರು. ಬೇರೆ ಹೆಸರು ಹಾಕಿದರೆ ಮೊದಲಿನಿಂದ ಆಡಬೇಕು, ಹೊಡೆದ ಜಿಂಕೆಗಳೆಲ್ಲ ಹೋಗುತ್ತವೆ ಎಂದಳು ತನ್ಮಯಿ. ಹಾಗಾದರೂ ಸರಿ, ಸ್ವರ್ಗಸ್ಥರಾದ ಮಾವನವರ ಹೆಸರು ಹಾಕಿದರೆ ಹೇಗೆ, ಅವರಿಗೆ ಇನ್ನು ಹೊಸದಾಗಿ ಏನೂ ಆಗುವಂತಿಲ್ಲವಲ್ಲ ಎಂದು ನಾನು ಸೂಚಿಸಿದೆ. ಆ ದಿನ ಊಟಕ್ಕೆ ಹುಳಿ ಇರಲಿಲ್ಲ, ಪಲ್ಯವೂ ಇರಲಿಲ್ಲ, ಮಾತಂತೂ ಇರಲೇ ಇಲ್ಲ.

ಕೊಲ್ಲುವಂತಿಲ್ಲ, ಸಾಯುವಂತಿಲ್ಲ. ಬೇಟೆಗಾರನಿಗೆ ಇನ್ನೇನು ಉಳಿಯಿತು? ಮರದ ಮೇಲಿನ ಮಚಾನು ಉಳಿಯಿತು. ಆಟದಲ್ಲಿ ಅಲ್ಲಲ್ಲಿ ಏಣಿ ಇಟ್ಟು ಮಚಾನು ಕಟ್ಟಿದ್ದರು. ನಾನು ಕಾಡಿಗೆ ಕಾಲಿಟ್ಟ ಕೂಡಲೇ ಅದನ್ನು ಹತ್ತಿ ಕೂತುಬಿಡುತ್ತಿದ್ದೆ. ಹಂದಿ ಬಂದು ಕೆಳಗೆ ಸುತ್ತು ಹಾಕುವ ಸದ್ದು ಕೇಳುತ್ತಿತ್ತು, ನಾನು ಬಗ್ಗಿ ನೋಡುತ್ತಿರಲಿಲ್ಲ. ನಾನು ಮೇಲೆ, ಅದು ಕೆಳಗೆ, ಸಂಜೆಗಳು ಕಳೆದವು. ಎಷ್ಟೋ ಸಲ ಲೋಡ್ ಶೆಡ್ಡಿಂಗ್ ಆಗಿ ಕರೆಂಟು ಹೋಗಿ ನನ್ನ ಪ್ರಾಣ ಉಳಿಯಿತು. ಬೆಂಗಳೂರಿನಲ್ಲಿ ಕರೆಂಟು ಹೋದದ್ದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದವನು ಆ ವರ್ಷ ನಾನೊಬ್ಬನೇ ಇರಬೇಕು. ಅತ್ತ ಅಕ್ಕನ ಫೋನು ಬಂದಾಗ ಆಂಡಾಳ್ ನನ್ನ ಸಮಾಚಾರವನ್ನು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು: "ಇವ್ರಾ? ಮರದ ಮೇಲಿದಾರೆ."

ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ನಡೆಯುವಾಗ ನಾನು ನನ್ನ ಸಂಕಟವನ್ನು ವೃಷಭೇಂದ್ರಪ್ಪನವರ ಮುಂದೆ ತೋಡಿಕೊಂಡೆ. ಅವರು ನಿಂತುಬಿಟ್ಟರು. ಅವರದೂ ಇದೇ ಪಾಡು ಎಂದು ಅಂದೇ ತಿಳಿದದ್ದು. ಹಂದಿಯ ವಿಷಯದಲ್ಲಿ ಅವರಿಗೆ ಯಾವ ಅಡ್ಡಿಯೂ ಇಲ್ಲ, ಶಿವನೇ ಕಿರಾತನಾಗಿ ಹಂದಿ ಹೊಡೆದ ಕಥೆ ಇದೆ. ಆದರೆ ಕಾಟಿ, ಕಾಡೆಮ್ಮೆ ಎನ್ನುತ್ತಾರಲ್ಲ ಅದು, ಅದಕ್ಕೆ ಬಂದೂಕು ಎತ್ತಲು ಅವರಿಗೆ ಕೈ ಬರುವುದಿಲ್ಲ.

"ಅದಕ್ಕೆ ಬಸವಣ್ಣನ ಮುಖ ಸ್ವಾಮಿ. ನನ್ನ ಹೆಸರಲ್ಲೇ ಅವನಿದಾನೆ, ನಾನು ಹೆಂಗೆ ಹೊಡೀಲಿ? ಅದನ್ನ ಹೊಡೀದೆ ಮುಂದಿನ ಕಾಡು ತೆಗೆಯಲ್ಲ ಅಂತದೆ ಆಟ. ಅಲ್ಲೇ ನಿಂತಿದೀನಿ."

ಶತಮಾನಗಳಿಂದ ಪಂಡಿತರು ವಾದಿಸಿ ಬಗೆಹರಿಸಲಾಗದ್ದನ್ನು ನಾವಿಬ್ಬರು ಒಂದು ಬೈಟು ಕಾಫಿಯಲ್ಲಿ ಬಗೆಹರಿಸಿದೆವು. ಅವರ ಮನೆಯ ಕಾಟಿಯನ್ನು ನಾನು ಹೊಡೆಯುವುದು, ನಮ್ಮ ಮನೆಯ ಹಂದಿಯನ್ನು ಅವರು ಹೊಡೆಯುವುದು. ಹರಿಹರರಲ್ಲಿ ಭೇದವಿಲ್ಲ ಎಂದು ಅವರು ಬಿಲ್ಲು ಕೊಟ್ಟರು.

ಮಾತಿನಂತೆ ಶನಿವಾರ ನಾನು ಅವರ ಮನೆಗೆ ಹೋದೆ. ಅವರ ಹೆಂಡತಿ ಮಹಾನಂದ ಅವರು ಬಾಳೆಹಣ್ಣಿನ ಸೀಕರಣೆ ಕೊಟ್ಟು, ಆಗುವ ತನಕ ನಾನು ಈ ಕಡೆ ಬರಲ್ಲ ಎಂದು ಒಳಗೆ ಹೋದರು. ವೃಷಭೇಂದ್ರಪ್ಪನವರು ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು. ಕಾಟಿ ಬಯಲಿನಲ್ಲಿ ನಿಂತಿತ್ತು. ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ನಾನು ಹತ್ತಿರ ಹೋದೆ, ಇನ್ನೂ ಹತ್ತಿರ ಹೋದೆ, ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನನ್ನ ಮುಖದ ತೇಜಸ್ಸಿಗೆ ಸ್ತಬ್ಧವಾಗಿದೆ ಎಂದುಕೊಂಡೆ. ಒಂದೇ ಗುಂಡು. "ಆಯ್ತಾ ಸ್ವಾಮಿ? ಬಿದ್ದಿರೋದು ಕಾಣದ ಹಾಗೆ ಕಾಡನ್ನ ಆ ಕಡೆ ತಿರುಗಿಸ್ಬಿಡಿ" ಎಂದು ಅವರು ಕಣ್ಣು ಮುಚ್ಚಿಯೇ ಹೇಳಿದರು. ನಾನು ಎದೆ ಸೆಟೆಸಿಕೊಂಡು ಮನೆಗೆ ಬಂದು, ಒಂದೇ ಗುಂಡಿಗೆ ಕಾಟಿ ಕೆಡವಿದೆ ಎಂದು ಆಂಡಾಳ್‌ಗೆ ಹೇಳಿದೆ. ಅದನ್ನು ಯಾರಾದರೂ ಕಟ್ಟಿಹಾಕಿದ್ದರಾ ಎಂದು ಕೇಳಿದಳು.

ನಾಳೆ ನೋಡು, ಹಂದಿಯ ಕಥೆ ಮುಗಿಯಿತು, ಅಕ್ಕನಿಗೂ ಹೇಳಿಬಿಡು ಎಂದು ಸವಾಲು ಹಾಕಿದೆ. ಅವಳು ಹೇಳಿಯೂ ಬಿಟ್ಟಳು. ಹೇಳಿದ ಮೇಲೆ ನನಗೆ ಕಳವಳ ಹತ್ತಿತು. ಗುಂಡು ಹೊಡೆಯುವವರು ವೃಷಭೇಂದ್ರಪ್ಪನವರಾದರೆ ಧೈರ್ಯ ಯಾರ ಖಾತೆಗೆ? ಹೋಮದಲ್ಲಿ ಗಂಡ ತುಪ್ಪ ಹಾಕುವಾಗ ಹೆಂಡತಿ ದರ್ಭೆಯಿಂದ ಅವನ ಕೈ ಮುಟ್ಟಿದರೆ ಅವಳಿಗೂ ಫಲ ಸೇರುತ್ತದೆ. ಅದೇ ರೀತಿ ನಾನು ಅವರ ಮೊಣಕೈ ಮುಟ್ಟಿಕೊಂಡಿದ್ದರೆ ಧೈರ್ಯದಲ್ಲಿ ನನಗೂ ಪಾಲು ಬರುತ್ತದಲ್ಲ. ಆದರೆ ಮುಟ್ಟಿದರೆ ಪಾಪವೂ ಬರುತ್ತದೆ. ಬಹಳ ಯೋಚಿಸಿ, ಅವರ ತೋಳಿಗೆ ನನ್ನ ಶಲ್ಯ ಸುತ್ತಿ, ಅದರ ತುದಿಯನ್ನು ಮಾತ್ರ ನಾನು ಹಿಡಿದಿರುವುದೆಂದು ತೀರ್ಮಾನಿಸಿದೆ. ಬಟ್ಟೆಯಲ್ಲಿ ಧೈರ್ಯ ಹರಿದುಬರುತ್ತದೆ, ಪಾಪ ಅಷ್ಟಾಗಿ ಬರುವುದಿಲ್ಲ ಎಂದು ನನ್ನ ಅಂದಾಜು.

ಭಾನುವಾರ, ದೇವರಕೋಣೆಯಲ್ಲಿ ತಿರುವಾರಾಧನೆಯ ಪೂಜೆ ಮುಗಿದ ಮೇಲೆ, ವೃಷಭೇಂದ್ರಪ್ಪನವರು ಹಣೆತುಂಬ ವಿಭೂತಿ ಧರಿಸಿ ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ಶಲ್ಯದ ತುದಿ ಹಿಡಿದು ನಿಂತೆ. ಆಂಡಾಳ್ ಶೇಷಾದ್ರಿಪುರಕ್ಕೆ ಫೋನ್ ಮಾಡಿ, "ಇಡ್ಬೇಡ ಅಕ್ಕ, ಈಗ ಹಂದಿ ಬರತ್ತೆ. ಭಾವನ್ನೂ ಕರಿ" ಎಂದು ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಅತ್ತೆಯವರು ಮಡಿಯಲ್ಲಿದ್ದರು. ಮಡಿಕೋಲಿನಿಂದ ಸೀರೆಯನ್ನು ಮೇಲಿನ ಗಳುವಿಗೆ ಹರವಿ, ಕೋಲನ್ನು ಕೈಯಲ್ಲಿ ಹಿಡಿದೇ ಬಂದು, ಯಾರಿಗೂ ತಗುಲದಂತೆ ದೂರದಲ್ಲಿ ನಿಂತರು.

ಹಂದಿ ದೂರದ ಹುಲ್ಲಿನಲ್ಲಿ ಕಂಡಿತು. ವೃಷಭೇಂದ್ರಪ್ಪನವರು ನಿರಾಳವಾಗಿ ಗುರಿಯಿಟ್ಟು ಹೊಡೆದರು. ಗುಂಡು ಬೆನ್ನು ಸವರಿಕೊಂಡು ಹೋಗಿರಬೇಕು. ಹಂದಿ ತಿರುಗಿತು.

"ಯಾಕ್ ಸ್ವಾಮಿ ಈ ಕಡೆ ಬರ್ತಾ ಇದೆ?" ಎಂದರು.

ಅದು ಬರುವುದೇ ಹಾಗೆ ಎಂದೆ.

"ನಮ್ಮನೇಲಿ ಬರಲ್ಲ. ಹೊಡೆದ್ರೆ ಬೀಳತ್ತೆ, ಇಲ್ದಿದ್ರೆ ಮೇಯತ್ತೆ."

ಆಗ ತನ್ಮಯಿ ಓದುತ್ತಿದ್ದಲ್ಲಿಂದ ತಲೆ ಎತ್ತಿ, ವೃಷಭೇಂದ್ರಪ್ಪನವರ ಮೊಮ್ಮಗಳು ಸಾನ್ವಿ ತಾತನಿಗೆ ಗಾಬರಿಯಾಗದಿರಲಿ ಎಂದು ಅವರ ಕಂಪ್ಯೂಟರಿನಲ್ಲಿ ಪ್ರಾಣಿಗಳ ಕೋಪವನ್ನು ಆಫ್ ಮಾಡಿದ್ದಾಳೆಂದೂ, ನಮ್ಮದರಲ್ಲಿ ಅಪ್ಪ ಅಸಲಿಯೇ ಇರಲಿ ಎಂದಿದ್ದರಿಂದ ಪೂರ್ತಿ ಆನ್ ಇದೆಯೆಂದೂ ತಣ್ಣಗೆ ಹೇಳಿದಳು. ನನ್ನ ಕಾಟಿಯ ತೇಜಸ್ಸೆಲ್ಲ ಆ ಒಂದು ಮಾತಿನಲ್ಲಿ ಇಳಿದುಹೋಯಿತು. ಅತ್ತ ವೃಷಭೇಂದ್ರಪ್ಪನವರು, ಜೀವಮಾನದಲ್ಲಿ ಮೊದಲ ಸಲ ಎದುರು ಬರುವ ಹಂದಿಯನ್ನು ಕಂಡವರು, ಕಲ್ಲಾಗಿಬಿಟ್ಟರು. ಕೈ ಮೌಸಿನ ಪಕ್ಕಕ್ಕೆ ಜಾರಿ ಅಲ್ಲೇ ಅಂಟಿಕೊಂಡಿತು. ತಿರುಗಲಿಲ್ಲ, ಓಡಲಿಲ್ಲ, ಹೊಡೆಯಲೂ ಇಲ್ಲ. ಹಂದಿ ಪರದೆಯಲ್ಲಿ ಸೌತೆಕಾಯಿಯಷ್ಟಿದ್ದದ್ದು ಕುಂಬಳಕಾಯಿಯಷ್ಟಾಯಿತು. ನಾನು ಶಲ್ಯ ಬಿಟ್ಟು, ವಿಷಯವನ್ನು ಮೇಲಿನವನ ಗಮನಕ್ಕೆ ತರುವ ಸಲುವಾಗಿ ದೇವರಕೋಣೆಯ ಪರದೆಯ ಹಿಂದೆ ಹೋದೆ. ಸಂದಿಯಿಂದ ನೋಡಿದರೆ ಹಂದಿ, ಕೋರೆ, ಕಣ್ಣು, ಮೂತಿಯ ಮೇಲಿನ ಕೂದಲು, ಎಲ್ಲ ಕಾಣುತ್ತಿತ್ತು. ಆಂಡಾಳ್ ಫೋನಿನಲ್ಲಿ "ಬಂತು, ಬಂತು" ಎನ್ನುತ್ತಿದ್ದಳು.

ಅತ್ತೆಯವರು ಎರಡು ಹೆಜ್ಜೆ ಮುಂದೆ ಬಂದರು. ಕುತ್ತಿಗೆ ಚಾಚಿ ಹಂದಿಯ ಮೂತಿಯನ್ನು, ಮದುವೆಗೆ ತೋರಿಸಿದ ವರನನ್ನು ನೋಡುವ ಹಾಗೆ, ಒಂದು ಕ್ಷಣ ಸರಿಯಾಗಿ ನೋಡಿದರು. ಮಡಿಯಲ್ಲಿದ್ದುದರಿಂದ ಏನನ್ನೂ ಮುಟ್ಟುವಂತಿರಲಿಲ್ಲ. ಮಡಿಕೋಲನ್ನು ವೃಷಭೇಂದ್ರಪ್ಪನವರ ಭುಜದ ಮೇಲಿಂದ ಚಾಚಿ, ಅದರ ತುದಿಯಿಂದ ಮೌಸಿನ ಎಡಗಡೆಯನ್ನು ಕುಟ್ಟಿದರು. ಗುರಿ ಇಡುವ ಅಗತ್ಯವೇನೂ ಇರಲಿಲ್ಲ, ಪರದೆ ತುಂಬ ಹಂದಿಯೇ ಇತ್ತು. ಢಂ ಎಂದಿತು. ಹಂದಿ ಮುಂಗಾಲು ಮಡಿಚಿ, ಮಣ್ಣಿನಲ್ಲಿ ಜಾರುತ್ತ ಬಂದು, ನಮ್ಮ ಕಾಲ ಬುಡದಲ್ಲಿ ಮಲಗಿತು.

ಪರದೆಯ ಮೇಲೆ ಪ್ರಕಟಣೆ ಹೊರಟಿತು. ಟಿ. ಎಸ್. ವೆಂಕಟಾಚಲ ಕಾಡುಹಂದಿಯನ್ನು ಕೊಂದರು.

ಆಂಡಾಳ್ ಅದನ್ನು ಓದಿದಳು. ದೇವರಕೋಣೆಯ ಪರದೆ ಸರಿಸಿ ಹೊರಗೆ ಬರುತ್ತಿದ್ದ ನನ್ನನ್ನು ನೋಡಿದಳು. ಇಪ್ಪತ್ತು ವರ್ಷದ ಸಂಸಾರ, ಅವಳಿಗೆ ಏನನ್ನಿಸಿತೋ ಏನೋ, ಫೋನಿಗೆ ಬಾಯಿ ಹಚ್ಚಿ, "ಬಿತ್ತು ಅಕ್ಕ. ನಮ್ಮನೇವರ ಹೆಸರೇ ಬಂತು. ನಮ್ಮನೇವರೂ ಧೈರ್ಯಸ್ಥರೇ ಕಣೆ" ಎಂದಳು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣಲ್ಲಿ ನೀರು ಬಂತು. ಅಂಥ ಹೆಂಡತಿ ಏಳೇಳು ಜನ್ಮಕ್ಕೂ ಸಿಗಲಿ ಎಂದುಕೊಂಡೆ.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಶೇಷಾದ್ರಿಪುರದಲ್ಲಿ ಇವತ್ತಿಗೂ ಧೈರ್ಯಸ್ಥನಾಗಿಯೇ ಇರುತ್ತಿದ್ದೆ. ಆದರೆ ಕಡತ ಪೂರ್ತಿಯಾಗದೆ ಮುಚ್ಚಿದ ಅಭ್ಯಾಸ ನನಗಿಲ್ಲ. ಅತ್ತೆಯವರ ಕಡೆ ತಿರುಗಿ, ಮನೆದೇವರಿಗೆ ಹೀಗೆ ಮಾಡಬಹುದೇ, ಪಾಪ ಬರುವುದಿಲ್ಲವೇ ಎಂದು ಕೇಳಿದೆ.

"ಯಾವ ಮನೆದೇವ್ರು? ಭೂವರಾಹಸ್ವಾಮಿ ಆಗಿದ್ರೆ ಕೋರೆ ಮೇಲೆ ಭೂದೇವಿ ಕೂತಿರ್ಬೇಕಲ್ವಾ ಅಳಿಯಂದ್ರೆ? ಸರಿಯಾಗಿ ನೋಡ್ದೆ, ಯಾರೂ ಇಲ್ಲ. ಇದು ಬರೀ ಹಂದಿ."

ಈ ಮಾತನ್ನು ಮೊದಲ ದಿನವೇ ಹೇಳಿದ್ದರೆ ನಾನು ಇಷ್ಟು ದಿನ ಮರದ ಮೇಲೆ ಕೂರುವುದು ತಪ್ಪುತ್ತಿತ್ತಲ್ಲ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು ಎಂದು ಕಾಣುತ್ತದೆ. ಅತ್ತೆಯವರು ಮಡಿಕೋಲನ್ನು ಮೂಲೆಗೆ ಒರಗಿಸಿದರು.

"ಹೆಂಗೆ ಹೇಳ್ಲಿ? ಅದರ ಮುಖ ಕಂಡಿದ್ರೆ ತಾನೇ. ಅದು ಬಂತು ಅಂದ್ರೆ ನೀವು ತಿರುಗಿ ಓಡ್ಬಿಡ್ತಿದ್ರಿ. ನನಗೆ ಇಷ್ಟು ದಿನ ಕಂಡಿದ್ದೆಲ್ಲ ಬರೀ ಮರ."

ವೃಷಭೇಂದ್ರಪ್ಪನವರು ತೋಳಿನಿಂದ ನನ್ನ ಶಲ್ಯ ಬಿಚ್ಚಿ, ಅಂಗಡಿಯಲ್ಲಿ ಮಡಿಚುವ ಹಾಗೆ ನೀಟಾಗಿ ಮಡಿಚಿ ಮೇಜಿನ ಮೇಲಿಟ್ಟರು. ಆಂಡಾಳ್ ಒಂದು ಗಳಿಗೆ ಫೋನಿಗೆ ಕಿವಿಗೊಟ್ಟಳು. ಆಮೇಲೆ ಮಡಿಗೆ ತಗುಲದಷ್ಟು ದೂರದಿಂದ ರಿಸೀವರನ್ನು ಅತ್ತೆಯವರ ಬಾಯಿಯ ಕಡೆ ಚಾಚಿ ಹಿಡಿದು, "ಅಮ್ಮ, ಅದನ್ನ ಇನ್ನೊಂದ್ಸಲ ಜೋರಾಗಿ ಹೇಳು, ಭಾವನಿಗೆ ಸರಿಯಾಗಿ ಕೇಳಿಸ್ಲಿಲ್ವಂತೆ" ಎಂದಳು.